ಹೇಳದೆ ಆರಿದ ಟಾರ್ಚು

2024 ಜುಲೈ 19, ಶುಕ್ರವಾರ
ಮಾಲ್ದಾರೆ

ನಾನು ಕೊಡಗಿನ ಈ ತೋಟದ ರೈಟರ್, ಅಂದರೆ ಲೆಕ್ಕ ಬರೆಯುವವನು. ಬೆಳಿಗ್ಗೆ ಚೆಕ್‌ರೋಲ್, ಅಂದರೆ ಕೆಲಸದವರ ಹಾಜರಿ, ಬರೆಯುತ್ತಾ ಕೂತಿದ್ದಾಗ ಕಾವಲಿನ ಅಜ್ಜ ಬಂದರು. ಪ್ಲಾಸ್ಟಿಕ್ ಕೊಪ್ಪೆಯಿಂದ ನೀರು ಇಳಿಯುತ್ತಿತ್ತು. ಅದನ್ನು ಬಿಚ್ಚದೆಯೇ ಟಾರ್ಚನ್ನು ನನ್ನ ಮೇಜಿನ ಮೇಲಿಟ್ಟರು.

"ರೈಟ್ರೆ, ಇದು ನನಗೆ ಬೇಡ."

"ಎಂತ ಆಯ್ತು ಅಜ್ಜ?"

"ಗದ್ದೆ ಏರಿ ಮೇಲೆ ಆರಿಹೋಯ್ತು. ಮಂಕಾಗಿ ಆರಿದ್ದಲ್ಲ. ಇತ್ತು, ಆಮೇಲೆ ಇಲ್ಲ."

ಎಷ್ಟು ಹೊತ್ತಿಗೆ ಎಂದು ಕೇಳಿದೆ. ಕೋಳಿ ಕೂಗುವುದಕ್ಕೆ ಮುಂಚೆ ಎಂದರು. ಮಳೆ ಸ್ವಲ್ಪ ಬಿಟ್ಟಿತ್ತಂತೆ. ಸಸಿಮಡಿ ನೋಡಿಕೊಂಡು ಲೈನಿನ (ಕೆಲಸದವರ ಮನೆ ಸಾಲಿನ) ಕಡೆ ತಿರುಗಿದಾಗ ಕೆರೆ ಪಕ್ಕದ ಹಲಸಿನ ಮರದಲ್ಲಿ ಕೊಂಬೆ ಮುರಿದ ಶಬ್ದ. ಬೆಳಕು ಬಿಡೋಣ ಎಂದು ಅತ್ತ ತಿರುಗಿಸಿದರೆ ಟಾರ್ಚು ಸತ್ತಿದೆ. ಅಲ್ಲಾಡಿಸಿದರು, ತಟ್ಟಿದರು, ಮುಚ್ಚಳ ಬಿಗಿ ಮಾಡಿದರು. ಏನೂ ಇಲ್ಲ. ಸಿಲ್ವರ್ ಓಕ್ ಮರಕ್ಕೆ ಬೆನ್ನು ಕೊಟ್ಟು ನಿಂತುಬಿಟ್ಟರಂತೆ.

"ಆನೆ ಎಷ್ಟು ದೂರ ಇತ್ತು?"

"ಕಾಣದೆ ಹೇಗೆ ಹೇಳೋದು? ಹೊಟ್ಟೆಯೊಳಗೆ ಗುಡುಗುಡು ಅನ್ನೋದು ಕೇಳ್ತಿತ್ತು. ಅಷ್ಟು."

ಆ ಮಾತಿನ ಮೇಲೆ ಚೆಕ್‌ರೋಲಿನಲ್ಲಿ ಒಂದು ಹೆಸರೂ ಬರೆಯಲಾಗಲಿಲ್ಲ. ಅಜ್ಜ ಮಾತ್ರ ಆನೆಯ ವಿಷಯ ಅಲ್ಲಿಗೇ ಬಿಟ್ಟು ಮತ್ತೆ ಟಾರ್ಚಿಗೆ ಬಂದರು. "ಹಿಂದಿನ ಬಲ್ಬಿನ ಟಾರ್ಚು ಹೇಳಿ ಹೋಗ್ತಿತ್ತು ರೈಟ್ರೆ. ಮೊದಲು ಹಳದಿ, ಆಮೇಲೆ ಕೆಂಪು. ಕೆಂಪು ಕಂಡ ಕೂಡಲೇ ನಾನು ಲೈನಿಗೆ ವಾಪಸ್. ನಿಮ್ಮ ಈ ಚಾರ್ಜಿನ ಸೆಲ್ಲು ಹೇಳೋದೇ ಇಲ್ಲ."

ಅವರು ಹೇಳಿದ್ದರಲ್ಲಿ ಒಂದಕ್ಷರ ತಪ್ಪಿಲ್ಲ. ಅಂಗಡಿಯ ಮಾಮೂಲಿ ಸೆಲ್ಲು ಒಂದೂವರೆ ವೋಲ್ಟಿನಲ್ಲಿ ಶುರುವಾಗಿ ಸ್ವಲ್ಪ ಸ್ವಲ್ಪವೇ ಇಳಿಯುತ್ತದೆ, ಬೆಳಕೂ ಅದರ ಜೊತೆಗೇ ಇಳಿಯುತ್ತದೆ. ಚಾರ್ಜಿನ ಸೆಲ್ಲು, ಅಂದರೆ ಈ ನಿಕಲ್ ಮೆಟಲ್ ಹೈಡ್ರೈಡ್ ಸೆಲ್ಲು, ಹಾಗಲ್ಲ. 1.2 ವೋಲ್ಟಿನ ಹತ್ತಿರ ಕೊನೆಯವರೆಗೂ ಒಂದೇ ಸಮ ನಿಂತು, ಕೊನೆಯಲ್ಲಿ ಒಮ್ಮೆಲೇ ಕುಸಿಯುತ್ತದೆ. ಕ್ಯಾಮೆರಾ ಫ್ಲ್ಯಾಶಿಗೆ ಆ ಗುಣ ಬಹಳ ಒಳ್ಳೆಯದು. ಹಲಸು ಹಣ್ಣಾಗುವ ಕಾಲದಲ್ಲಿ ಮಾಲ್ದಾರೆಯ ತೋಟದೊಳಗೆ ರಾತ್ರಿ ಒಬ್ಬರೇ ನಡೆಯುವವರಿಗೆ ಅದೇ ಗುಣ ಅಪಾಯ.

ಆದರೂ ಅಷ್ಟು ಬೇಗ ಆರಬಾರದಿತ್ತು. ಸಂಜೆ ಕೊಡುವಾಗ ಚಾರ್ಜರ್ ಪರದೆಯಲ್ಲಿ ಮೂರೂ ಸೆಲ್ಲಿಗೆ ಫುಲ್ ಎಂದೇ ಬಂದಿತ್ತು.

ನಮ್ಮಲ್ಲಿರುವುದು ಸಾಹುಕಾರರ ಮಗಳು ಬೆಂಗಳೂರಿನಿಂದ ಕಳಿಸಿದ ನಾಲ್ಕು ಸ್ಲಾಟಿನ ಚಾರ್ಜರ್. ಒಂದೊಂದು ಸ್ಲಾಟಿಗೂ ಬೇರೆ ಬೇರೆ ಕರೆಂಟ್, ಬೇರೆ ಬೇರೆ ಮೋಡ್ ಕೊಡಬಹುದು. ಬರೇ ಚಾರ್ಜ್, ಡಿಸ್ಚಾರ್ಜ್, ರಿಫ್ರೆಶ್, ಟೆಸ್ಟ್. ನನಗೆ ಬೇಕಾದದ್ದು ಟೆಸ್ಟ್. ಸೆಲ್ಲನ್ನು ಪೂರ್ತಿ ತುಂಬಿಸಿ, ಪೂರ್ತಿ ಖಾಲಿ ಮಾಡಿ, ಖಾಲಿಯಾಗುವಾಗ ಎಷ್ಟು ಮಿಲಿಆಂಪ್-ಅವರ್ (ಸೆಲ್ಲು ಹಿಡಿಯುವ ಚಾರ್ಜಿನ ಅಳತೆ) ಹೊರಬಂತು ಎಂದು ಎಣಿಸಿ, ಮತ್ತೆ ತುಂಬಿಸಿ ಕೊಡುತ್ತದೆ. ಪರದೆಯ ಮೇಲೆ ಬರುವ ಫುಲ್ ಎಂಬ ಮಾತನ್ನು ನಾನು ಇನ್ನು ನಂಬುವುದಿಲ್ಲ. ಚಾರ್ಜರಿಗೆ ಒಳಗೆ ಹಾಕುವುದು ನಿಂತಿತು ಎಂದಷ್ಟೇ ಅದರ ಅರ್ಥ. ಎಷ್ಟು ಹೊರಬರುತ್ತದೆ ಎನ್ನುವುದು ಬೇರೆಯೇ ಲೆಕ್ಕ, ಅಜ್ಜನ ಕೈಗೆ ಹೋಗುವ ಸೆಲ್ಲಿಗೆ ಆ ಲೆಕ್ಕವೇ ಮುಖ್ಯ.

ಆಫೀಸಿನ ಪ್ಲಗ್ಗಿಗೆ ಹಾಕಿ, ಚಾರ್ಜ್ 1000 ಮಿಲಿಆಂಪಿಗೆ, ಡಿಸ್ಚಾರ್ಜ್ 500ಕ್ಕೆ ಇಟ್ಟು ಟೆಸ್ಟ್ ಒತ್ತಿದೆ. ಹನ್ನೊಂದು ಗಂಟೆಯ ಒಳಗೆ ಕರೆಂಟ್ ಹೋಯಿತು. ಸಿದ್ದಾಪುರ ಕಡೆ ಕರೆಂಟ್ ತಂತಿ ಮೇಲೆ ಮರ ಬಿದ್ದಿದೆ ಎಂದು ಸುದ್ದಿ. ಸ್ವಲ್ಪ ಹೊತ್ತಿಗೆ ಬಂತು, ಬಂದ ಹಾಗೇ ಹೋಯಿತು. ಇಂಥ ಚಾರ್ಜರುಗಳ ದೊಡ್ಡ ಕಷ್ಟವೇ ಇದು. ಕರೆಂಟ್ ಹೋಗಿ ಬಂದರೆ ನಾವು ಕೊಟ್ಟ ಮೋಡ್ ಅದಕ್ಕೆ ನೆನಪಿರುವುದಿಲ್ಲ. ಟೆಸ್ಟ್ ಹೋಗಿ ಬರೇ ಚಾರ್ಜ್ ಆಗಿರುತ್ತದೆ, ಎಣಿಸಿದ ಅಂಕಿಯೂ ಅಳಿಸಿ ಹೋಗಿರುತ್ತದೆ. ಹತ್ತಿರ ಕೂತು ನೋಡದಿದ್ದರೆ, ಸಂಜೆ ಪರದೆಯಲ್ಲಿ ಕಾಣುವ ಅಂಕಿ ಟೆಸ್ಟಿನದ್ದು ಎಂದೇ ನಂಬಿಬಿಡುತ್ತೇವೆ. ಕೊಡಗಿನ ಮಳೆಗಾಲದಲ್ಲಿ ಇದನ್ನು ಬಳಸುವವರೆಲ್ಲ ಮೊದಲು ತಿಳಿದುಕೊಳ್ಳಬೇಕಾದ ವಿಷಯ ಇದೇ. ಹೊಸ ಸೆಲ್ಲನ್ನು ಪಳಗಿಸುವ ಬ್ರೇಕ್-ಇನ್ ಮೋಡ್ ಅಂತೂ ಸೆಲ್ಲಿನ ಅಳತೆಯ ಹತ್ತನೇ ಒಂದು ಪಾಲು ಕರೆಂಟಿನಲ್ಲಿ 16 ಗಂಟೆ ತುಂಬಿಸಿ, ಖಾಲಿ ಮಾಡಿ, ಮತ್ತೆ 16 ಗಂಟೆ ತುಂಬಿಸುವ ಕೆಲಸ. ಈ ತಿಂಗಳಲ್ಲಿ ಅದಾಗುವ ಮಾತಲ್ಲ.

ಚಾರ್ಜರ್ ಹಿಂದೆ ನೋಡಿದರೆ 12 ವೋಲ್ಟ್ ಡಿಸಿ, ನಡುವಿನ ಪಿನ್ ಪ್ಲಸ್ ಎಂದು ಗುರುತು. ಶೆಡ್ಡಿನಲ್ಲಿ ಸಾಹುಕಾರರ ಹಳೇ ಜೀಪ್ ಇದೆ. ಡ್ರೈವರ್ ಅಣ್ಣನನ್ನು ಕರೆದೆ. ಹಾಳಾದ ಅಡಾಪ್ಟರಿನ ವಯರ್ ಕತ್ತರಿಸಿ, ಎರಡು ಕ್ಲಿಪ್ ಹಾಕಿ, ನಡುವೆ ಒಂದು ಫ್ಯೂಸ್ ಇಟ್ಟು ಕೊಟ್ಟರು. ಪ್ಲಸ್ ಮೈನಸ್ ಎರಡೆರಡು ಸಲ ನೋಡಿದೆವು. ಮೀಟರಿನಲ್ಲಿ 12.5 ವೋಲ್ಟ್.

"ಜೀಪ್ ಸ್ಟಾರ್ಟ್ ಆಗದ ಹಾಗೆ ಮಾಡ್ತೀರಾ ಮಾರಾಯ್ರೆ?" ಎಂದು ಅವರಿಗೆ ಆತಂಕ. ಕೂತು ಲೆಕ್ಕ ಹಾಕಿ ತೋರಿಸಿದೆ. ನಾಲ್ಕು ಸೆಲ್ಲು, ಒಂದೊಂದು 2000 ಮಿಲಿಆಂಪ್-ಅವರ್, ತುಂಬಿಸುವಾಗ ಒಂದೂವರೆ ವೋಲ್ಟಿನ ಹತ್ತಿರ. ಒಟ್ಟು 12 ವಾಟ್-ಅವರ್. ಟೆಸ್ಟಿನಲ್ಲಿ ಎರಡು ಸಲ ತುಂಬಿಸಬೇಕು, ಬಿಸಿಯಾಗಿ ಹೋಗುವುದನ್ನೂ ಸೇರಿಸಿ ನಲವತ್ತು ಎಂದಿಟ್ಟುಕೊಳ್ಳಿ. ಜೀಪಿನ ಬ್ಯಾಟರಿ 60 ಆಂಪ್-ಅವರಿನದ್ದು, ಅಂದರೆ 720 ವಾಟ್-ಅವರ್. ಎಂಜಿನ್ ಮಾತ್ರ ಆಫ್ ಇರಬೇಕು, ಚಾಲೂ ಇದ್ದರೆ ವೋಲ್ಟೇಜ್ ಹದಿನಾಲ್ಕರ ಮೇಲೆ ಏರುತ್ತದೆ. ಅಣ್ಣನಿಗೆ ಸಮಾಧಾನವಾಯಿತು. ಬಾನೆಟ್ ಎತ್ತಿದ ಜೀಪಿನ ಪಕ್ಕ ಸ್ಟೂಲ್ ಹಾಕಿ ಚಾರ್ಜರ್ ಇಟ್ಟೆವು.

ಕಕ್ಕಡ (ಕೊಡಗಿನ ಮಳೆ ತಿಂಗಳು) ಹುಟ್ಟಿದ ಮೇಲೆ ಮಳೆ ಕೈ ಬಿಡುತ್ತಿಲ್ಲ. ಮಧ್ಯಾಹ್ನ ಮನೆಯಲ್ಲಿ ಕಣಿಲೆ ಸಾರು, ಅಕ್ಕಿ ರೊಟ್ಟಿ. ಮಗನಿಗೆ ಶಾಲೆಗೆ ರಜೆ ಕೊಟ್ಟಿದ್ದಾರೆ, ಒಲೆಯ ಮುಂದೆಯೇ ಕೂತಿದ್ದ. ತೊಟ್ಟು ಕೊಳೆ ರೋಗ ಬಂದ ತೋಟದ ಬ್ಲಾಕಿಗೆ ಹೋಗಬೇಕಿತ್ತು, ಹೋಗಲಿಲ್ಲ.

ಉಂಡು ಶೆಡ್ಡಿಗೆ ಹೋದೆ. ಮೂರೂವರೆ ದಾಟಿದ ಮೇಲೆ ಅಂಕಿ ನಿಂತಿತು. ಒಂದನೇ ಸ್ಲಾಟಿನದ್ದು 1740. ಎರಡನೆಯದು 1690. ಮೂರನೆಯದು 610.

610! ಸಂಜೆ ಅದರ ಮುಂದೆಯೂ ಫುಲ್ ಎಂದೇ ಇತ್ತು.

ಸೆಲ್ಲಿನದ್ದೋ ಸ್ಲಾಟಿನದ್ದೋ ಎಂದು ತಿಳಿಯಲು ಅದಲುಬದಲು ಮಾಡಿ ಒಳಗಿನ ರೆಸಿಸ್ಟೆನ್ಸ್, ಅಂದರೆ ಕರೆಂಟಿಗೆ ಬರುವ ತಡೆ, ನೋಡಿದೆ. ಆ ಸೆಲ್ಲು ಮೂರನೇ ಸ್ಲಾಟಿನಲ್ಲಿ 310 ಮಿಲಿಓಮ್ ತೋರಿಸುತ್ತಿತ್ತು, ಒಂದಕ್ಕೆ ತಂದರೆ 240. ಒಳ್ಳೆಯ ಸೆಲ್ಲು ಒಂದರಲ್ಲಿ 48, ಮೂರಕ್ಕೆ ಹಾಕಿದರೆ 110. ಅಂದರೆ ಎರಡೂ ಕಡೆ ತೊಂದರೆ. ಸೆಲ್ಲು ಮುದಿಯಾಗಿದೆ, ಸ್ಲಾಟಿನ ಜಾರುವ ತಗಡೂ ಅರವತ್ತು ಎಪ್ಪತ್ತು ಮಿಲಿಓಮಿನಷ್ಟು ತನ್ನದನ್ನು ಸೇರಿಸುತ್ತಿದೆ. ಮೊಬೈಲ್ ಬೆಳಕು ಬಿಟ್ಟು ನೋಡಿದೆ. ತಗಡಿನ ಮೇಲೆ ತೆಳ್ಳಗೆ ಬೂದು ಪೊರೆ. ಇಲ್ಲಿನ ಥಂಡಿಗೆ ಪುಸ್ತಕ, ಬೆಲ್ಟು, ಚಪ್ಪಲಿ ಎಲ್ಲಕ್ಕೂ ಬೂಸ್ಟು ಬರುವಾಗ ಇದೊಂದು ಹೇಗೆ ಉಳಿಯುತ್ತದೆ? ಕಿವಿಗೆ ಹಾಕುವ ಹತ್ತಿಕಡ್ಡಿಗೆ ಸ್ಪಿರಿಟ್ ಹಚ್ಚಿ ಉಜ್ಜಿದೆ. ಹತ್ತಿ ಕಪ್ಪಾಯಿತು. ಇನ್ನೊಂದು ಕಡ್ಡಿ ತೆಗೆದು, ಹತ್ತಿ ಬೆಳ್ಳಗೆ ಬರುವವರೆಗೂ ಉಜ್ಜಿ, ಆರಲು ಬಿಟ್ಟೆ. ಒಳ್ಳೆಯ ಸೆಲ್ಲು ಈಗ ಮೂರನೇ ಸ್ಲಾಟಿನಲ್ಲಿ 52. ಮುದಿ ಸೆಲ್ಲು ಎಲ್ಲಿ ಹಾಕಿದರೂ ಹೆಚ್ಚು ಕಡಿಮೆ 240, ಅದಕ್ಕಿನ್ನು ಮದ್ದಿಲ್ಲ.

ಇದರಿಂದ ಸುಳ್ಳು ಫುಲ್ ಹೇಗೆ ಬರುತ್ತದೆ ಎಂದರೆ, ಒಳಗೆ ತಡೆ ಹೆಚ್ಚಿದ ಸೆಲ್ಲಿಗೆ ಕರೆಂಟ್ ಕೊಟ್ಟಾಗ ವೋಲ್ಟೇಜ್ ಬೇಗ ಮೇಲೇರುತ್ತದೆ. ಏರಿದ್ದನ್ನು ಕಂಡು ತುಂಬಿತು ಎಂದು ಚಾರ್ಜರ್ ಕೈ ಬಿಡುತ್ತದೆ. ಒಳ್ಳೆಯ ಸೆಲ್ಲಾದರೆ ತುಂಬಿದ ಮೇಲೆ ವೋಲ್ಟೇಜ್ ಒಂದು ಚೂರು, ಕೆಲವೇ ಮಿಲಿವೋಲ್ಟ್, ಹಿಂದೆ ಇಳಿಯುತ್ತದೆ. ಚಾರ್ಜರ್ ಕಾಯುವುದು ಆ ಇಳಿತಕ್ಕೆ. ಸಾಹುಕಾರರ ಮಗಳು ಫೋನಿನಲ್ಲಿ, "200ರಲ್ಲೇ ಹಾಕಿ ಅಣ್ಣ, ನಿಧಾನವಾದಷ್ಟೂ ಸೆಲ್ಲಿಗೆ ಒಳ್ಳೇದು" ಎನ್ನುತ್ತಾರೆ. ಬಹಳ ಜನ ಹಾಗೇ ನಂಬಿದ್ದಾರೆ. ಈ ಜಾತಿಯ ಚಾರ್ಜರಿನಲ್ಲಿ ಅದು ಸರಿಯಲ್ಲ ಎಂದೇ ನನ್ನ ಅಭಿಪ್ರಾಯ. ಅಷ್ಟು ಸಣ್ಣ ಕರೆಂಟಿಗೆ ಆ ಇಳಿತ ಕಾಣುವುದೇ ಇಲ್ಲ, ಚಾರ್ಜರ್ ತುಂಬಿಸುತ್ತಲೇ ಇರುತ್ತದೆ, ಸೆಲ್ಲು ಬಿಸಿಯಾಗುತ್ತಲೇ ಇರುತ್ತದೆ. 2000ದ ಸೆಲ್ಲಿಗೆ 1000ದ ಹತ್ತಿರ ಕೊಡಬೇಕು. ರಿಮೋಟಿಗೆ ಹಾಕುವ ಸಣ್ಣ ಸೆಲ್ಲು ಸುಮಾರು 800ರದ್ದು, ಅದಕ್ಕೆ ಸಾವಿರ ಕೊಡಬಾರದು, ನಾನೂರು ಸಾಕು.

ಟಾರ್ಚಿನಲ್ಲಿ ಮೂರು ಸೆಲ್ಲು ಒಂದರ ಹಿಂದೆ ಒಂದು ಕೂರುತ್ತವೆ. ಮೂರು ಜನ ದಿಮ್ಮಿ ಹೊತ್ತು ಇಳಿಜಾರಿನಲ್ಲಿ ಹೋಗುವಾಗ ನಡುವಿನವನು ಕುಸಿದ ಹಾಗೆ ಆಗಿದೆ ನಿನ್ನೆ ರಾತ್ರಿ. 610ರದ್ದು ಖಾಲಿಯಾದ ಮೇಲೂ ಉಳಿದೆರಡು ತಳ್ಳುತ್ತಲೇ ಇರುತ್ತವೆ, ಸೋತದ್ದು ಉಲ್ಟಾ ತಿರುಗುತ್ತದೆ. 3.6 ವೋಲ್ಟ್ ಇದ್ದದ್ದು 2.4ಕ್ಕೆ, ಅದಕ್ಕಿಂತ ಕೆಳಕ್ಕೆ. ಬಿಳಿ ಎಲ್ಇಡಿ ಉರಿಯಲು ಮೂರರ ಹತ್ತಿರವಾದರೂ ಬೇಕು. ಅದಕ್ಕೇ ಹಳದಿ ಇಲ್ಲ, ಕೆಂಪಿಲ್ಲ. ಉಳಿದೆರಡರಲ್ಲಿ ಅರ್ಧಕ್ಕಿಂತ ಹೆಚ್ಚು ಇನ್ನೂ ಬಾಕಿ ಇದ್ದಾಗಲೇ ಅಜ್ಜ ಕತ್ತಲಲ್ಲಿ ನಿಂತಿದ್ದರು.

ಸಂಜೆ ಅಜ್ಜನಿಗೆ ಇದನ್ನೆಲ್ಲ ಹೇಳಲು ಹೊರಟೆ. ಸ್ವಲ್ಪ ಕೇಳಿಸಿಕೊಂಡು ಕೈ ಅಡ್ಡ ಹಿಡಿದರು.

"ಒಳಗೆ ಎಂತ ಆಗ್ತದೆ ಅಂತ ನೀವು ನೋಡ್ಕೊಳ್ಳಿ ರೈಟ್ರೆ. ಎಷ್ಟು ಹೊತ್ತು ಬರ್ತದೆ, ಅದು ನನಗೆ ಹೇಳಿ."

ಅದನ್ನೇ ಹೇಳಬೇಕಾದದ್ದು, ಮೊದಲ ದಿನದಿಂದಲೂ. ಟಾರ್ಚು ಎಳೆಯುವುದು 300 ಮಿಲಿಆಂಪ್. 1690ನ್ನು ಮೂರು ನೂರರಿಂದ ಭಾಗಿಸಿದರೆ ಐದೂವರೆ ಗಂಟೆ. 610ಕ್ಕೆ ಎರಡು ಗಂಟೆ. ನಾಲ್ಕನೇ ಸ್ಲಾಟಿನಲ್ಲಿದ್ದ ಬಿಡಿ ಸೆಲ್ಲು 1650 ತೋರಿಸಿತ್ತು, ಅದನ್ನು ಸೇರಿಸಿ ಒಂದು ಜೊತೆ ಮಾಡಿದೆ. "ಉರಿಸಿದ ಹೊತ್ತು ಮಾತ್ರ ಲೆಕ್ಕ ಅಜ್ಜ. ನಾಲ್ಕು ಗಂಟೆ ಅಂತ ಇಟ್ಕೊಳ್ಳಿ. ಐದು ಅನ್ನಬೇಡಿ."

"ನಾಲ್ಕು," ಎಂದರು. ಆಮೇಲೆ, "ಬೇರೆ ಮೂರು ಸೆಲ್ಲು ಡಬ್ಬಿಯಲ್ಲಿ ಕೊಡಿ. ಚೀಟಿ ಅಂಟಿಸಬೇಡಿ, ಕತ್ತಲಲ್ಲಿ ಚೀಟಿ ಯಾರು ಓದ್ತಾರೆ? ಕೈಗೆ ಸಿಗೋ ಹಾಗೆ ಎಂತಾದ್ರೂ ಮಾಡಿ."

ಡಬ್ಬಿಗೆ ರಬ್ಬರ್ ಬ್ಯಾಂಡ್ ಸುತ್ತಿದೆ. ಬ್ಯಾಂಡ್ ಇದ್ದರೆ ತುಂಬಿದ್ದು, ಬಳಸಿದ್ದನ್ನು ಬ್ಯಾಂಡ್ ತೆಗೆದು ಹಾಕುವುದು. ಸದ್ಯಕ್ಕೆ ಅದರಲ್ಲಿರುವುದು ಅಂಗಡಿಯ ಮಾಮೂಲಿ ಸೆಲ್ಲು. ಅದನ್ನೂ ತಿಂಗಳುಗಟ್ಟಲೆ ಇಟ್ಟರೆ ಸೋರಿ ಟಾರ್ಚಿನ ಸ್ಪ್ರಿಂಗ್ ತಿನ್ನುತ್ತದೆ, ನೋಡುತ್ತಿರಬೇಕು.

ಮುದಿ ಸೆಲ್ಲಿಗೆ ಕೆಂಪು ಟೇಪ್ ಸುತ್ತಿ ಗೋಡೆ ಗಡಿಯಾರಕ್ಕೆ ಹಾಕಿದ್ದೇನೆ. ಗಡಿಯಾರಕ್ಕೆ ಅದು ಧಾರಾಳ.

ಹೊಸ ಸೆಲ್ಲು ತರಿಸಲೇಬೇಕು, ಎಂಟಾದರೂ. ಇಟ್ಟಲ್ಲೇ ಖಾಲಿಯಾಗದ ಜಾತಿಯದ್ದು, 2005ರಲ್ಲಿ ಸ್ಯಾನ್ಯೋ ಎನೆಲೂಪ್ ಎಂದು ತಂದಿತ್ತಲ್ಲ, ಈಗ ಪ್ಯಾನಾಸೋನಿಕ್‌ನವರದ್ದು, ಅಂಥದ್ದು. ಸಾಹುಕಾರರು ಏಕೆ ಎಂದು ಕೇಳಿದರೆ ಇವತ್ತಿನ ಅಂಕಿಗಳನ್ನೇ ಓದಿ ಹೇಳುತ್ತೇನೆ. ಇನ್ನೊಂದು ಯೋಚನೆಯೂ ಇದೆ. ಲೈನಿನ ಹುಡುಗರು ತಲೆಗೆ ಕಟ್ಟುವ ಟಾರ್ಚಿನಲ್ಲಿ 18650 ಲಿಥಿಯಂ ಸೆಲ್ಲು. ಅದೂ ಇದೇ ಚಾರ್ಜರಿಗೆ ಹಿಡಿಸುತ್ತದೆ, 4.2 ವೋಲ್ಟಿಗೆ ತಾನೇ ನಿಲ್ಲುತ್ತದೆ, ಬೆಳಕೂ ದೂರ ಹೋಗುತ್ತದೆ. ಅಜ್ಜನಿಗೂ ಒಂದು ಕೊಡಿಸಿದರೆ ಎರಡೂ ಕೈ ಬಿಡುವಾಗಿರುತ್ತವೆ. ಆದರೆ ಆ ಸೆಲ್ಲು ಪೂರ್ತಿ ಇಳಿದು ಸತ್ತ ಮೇಲೆ ಅದನ್ನು ಮತ್ತೆ ಎಬ್ಬಿಸಲು ಹೋಗಬಾರದು. ಹುಡುಗರು ಮೊಬೈಲ್ ಚಾರ್ಜರಿನ ವಯರ್ ಹಿಡಿದು ಅದನ್ನೇ ಮಾಡುತ್ತಿದ್ದಾರೆ ಎಂದು ಡ್ರೈವರ್ ಅಣ್ಣ ಇವತ್ತು ಹೇಳಿದರು. ನಾಳೆ ಲೈನಿಗೆ ಹೋಗಿ ಎಲ್ಲರ ಹತ್ತಿರ ಇರುವ ಸೆಲ್ಲು ಒಟ್ಟು ಮಾಡಿ, ಯಾವುದು ಎರಡೂವರೆ ವೋಲ್ಟಿಗಿಂತ ಕೆಳಗಿದೆಯೋ ಅದನ್ನು ಬೇರೆ ತೆಗೆದಿಡಬೇಕು.