ಚಿಕ್ಕಬೆಟ್ಟದ ಬಂಡೆಗಳ ಮೇಲೆ

ಹಾಸನದಿಂದ ಚನ್ನರಾಯಪಟ್ಟಣದ ಮಾರ್ಗವಾಗಿ ಶ್ರವಣಬೆಳಗೊಳಕ್ಕೆ ಬರುವವರಲ್ಲಿ ಹೆಚ್ಚಿನವರು ವಿಂಧ್ಯಗಿರಿಯ ಆರುನೂರಕ್ಕೂ ಮಿಕ್ಕ ಮೆಟ್ಟಿಲುಗಳನ್ನು ಹತ್ತಿ, ಗೊಮ್ಮಟನ ದರ್ಶನ ಪಡೆದು, ಎದುರಿನ ಚಂದ್ರಗಿರಿಯನ್ನು, ಅಂದರೆ ಚಿಕ್ಕಬೆಟ್ಟವನ್ನು, ದೂರದಿಂದಲೇ ನೋಡಿ ಮರಳುತ್ತಾರೆ. ಜೈನಧರ್ಮದ ಆಚರಣೆಯನ್ನು ಅರಿಯುವ ಆಸೆಯಿಂದ ಹೊರಟ ನಾವು ಎರಡೂ ಬೆಟ್ಟಗಳನ್ನು ಹತ್ತಿದೆವು.

ಗಂಗರ ಮಂತ್ರಿ ಚಾವುಂಡರಾಯ 981ರ ಸುಮಾರಿಗೆ ನಿಲ್ಲಿಸಿದ 58 ಅಡಿಯ ಮೂರ್ತಿಯಲ್ಲಿ ನನ್ನ ಕಣ್ಣು ನೆಟ್ಟದ್ದು ತೊಡೆಯನ್ನು ಸುತ್ತಿ ತೋಳಿನವರೆಗೆ ಹಬ್ಬಿದ ಮಾಧವೀಲತೆಯ ಮೇಲೆ. ಅಣ್ಣ ಭರತನನ್ನು ದೃಷ್ಟಿ, ಜಲ, ಮಲ್ಲ ಯುದ್ಧಗಳಲ್ಲಿ ಸೋಲಿಸಿಯೂ ಗೆದ್ದ ರಾಜ್ಯವನ್ನು ತೊರೆದು, ಬಳ್ಳಿ ಹಬ್ಬಿದರೂ ಹುತ್ತ ಬೆಳೆದರೂ ಅಲುಗದೆ ನಿಂತವನು ಬಾಹುಬಲಿ. ಅಹಿಂಸೆ, ಸತ್ಯ, ಅಸ್ತೇಯ (ಕದಿಯದಿರುವುದು), ಬ್ರಹ್ಮಚರ್ಯಗಳ ಜೊತೆಗೆ ಐದನೆಯ ವ್ರತವಾದ ಅಪರಿಗ್ರಹಕ್ಕೆ, ಅಂದರೆ ಯಾವುದನ್ನೂ ತನ್ನದೆಂದು ಹಿಡಿದಿಡದಿರುವುದಕ್ಕೆ, ಇದಕ್ಕಿಂತ ಸ್ಪಷ್ಟವಾದ ವ್ಯಾಖ್ಯಾನವಿಲ್ಲ. ಈ ಐದನ್ನೇ ಗೃಹಸ್ಥರಾದ ಶ್ರಾವಕರು ಮಿತಿಯೊಳಗಿನ ಅಣುವ್ರತಗಳಾಗಿ, ಮುನಿಗಳು ಪೂರ್ಣವಾದ ಮಹಾವ್ರತಗಳಾಗಿ ಪಾಲಿಸುತ್ತಾರೆ. ದಿಗಂಬರ ಮುನಿಗಳು ನವಿಲುಗರಿಯ ಕುಂಚವಾದ ಪಿಂಛಿ, ಕಮಂಡಲುಗಳನ್ನಷ್ಟೇ ಇಟ್ಟುಕೊಂಡು, ದಿನಕ್ಕೊಮ್ಮೆ ನಿಂತೇ ಬೊಗಸೆಯಲ್ಲಿ ಆಹಾರ ಸ್ವೀಕರಿಸುತ್ತಾರೆ. ಕತ್ತಲಲ್ಲಿ ಕಾಣದ ಕ್ರಿಮಿಗೂ ಹಿಂಸೆಯಾಗಬಾರದೆಂದು ಶ್ರಾವಕರು ಸೂರ್ಯಾಸ್ತಕ್ಕೆ ಮುನ್ನವೇ ಊಟ ಮುಗಿಸುತ್ತಾರೆ.

ಮರುದಿನ ಚಿಕ್ಕಬೆಟ್ಟ. ಬರಗಾಲದಲ್ಲಿ ಶಿಷ್ಯಸಮೂಹದೊಡನೆ ದಕ್ಷಿಣಕ್ಕೆ ಬಂದ ಜೈನ ಆಚಾರ್ಯ ಭದ್ರಬಾಹುವೂ ಅವರನ್ನು ಅನುಸರಿಸಿದ ಚಂದ್ರಗುಪ್ತ ಮೌರ್ಯನೂ ಇಲ್ಲಿಯೇ ದೇಹ ತೊರೆದರೆಂಬುದು ಜೈನ ಪರಂಪರೆಯ ನಂಬಿಕೆ. ಬಸದಿಗಳಿಗಿಂತ ಹೆಚ್ಚಾಗಿ ನಮ್ಮನ್ನು ಹಿಡಿದು ನಿಲ್ಲಿಸಿದ್ದು ಬಂಡೆಯ ಮೈಮೇಲೆಯೇ ಕೊರೆದ ನಿಸಿದಿ ಶಾಸನಗಳು; ಸಲ್ಲೇಖನದಿಂದ, ಅಂದರೆ ಆಹಾರ ತೊರೆದು ದೇಹ ಬಿಡುವ ವ್ರತದಿಂದ, ಮಡಿದವರ ನೆನಪಿನ ಬರಹಗಳಿವು. ಅವುಗಳಲ್ಲೊಂದು ನಂದಿಸೇನ ಮುನಿಯದು: ರೂಪ, ಭೋಗ, ಸಂಪತ್ತುಗಳು ‘ಸುರಚಾಪಂಬೋಲೆ’ (ಕಾಮನಬಿಲ್ಲಿನಂತೆ), ಮಿಂಚಿನಂತೆ, ಮಂಜಿನಂತೆ ತೋರಿ ಬೇಗನೆ ಅಳಿಯುವುವೆಂದು ತಿಳಿದು ಆತ ಸನ್ಯಸನ, ಅಂದರೆ ಸಲ್ಲೇಖನ, ಕೈಗೊಂಡನೆನ್ನುತ್ತದೆ ಅದು. ಸುಮಾರು 7ನೆಯ ಶತಮಾನದ ಆ ಕನ್ನಡ ಇಂದಿಗೂ ಎದೆ ತಟ್ಟುತ್ತದೆ.

ಸಲ್ಲೇಖನವನ್ನು ಹತಾಶೆಯ ಸಾವೆಂದು ತಿಳಿಯುವುದು ಸರಿಯಲ್ಲವೆಂದು ನನಗೆ ಮನವರಿಕೆಯಾದದ್ದು ಇಲ್ಲಿ. ತೀರದ ರೋಗ, ಮುಪ್ಪು, ಬರಗಾಲಗಳಂಥ ಪರಿಸ್ಥಿತಿಯಲ್ಲಿ ಮಾತ್ರ, ಗುರುವಿನ ಅನುಮತಿ ಪಡೆದು, ಎಲ್ಲರಲ್ಲಿ ಕ್ಷಮೆ ಕೇಳಿ, ಆಹಾರವನ್ನೂ ಕಷಾಯಗಳನ್ನೂ ಒಟ್ಟಿಗೆ ಕ್ರಮೇಣ ಕುಗ್ಗಿಸುತ್ತ ಹೋಗುವ ವ್ರತವಿದು; ಕ್ರೋಧ, ಮಾನ, ಮಾಯೆ, ಲೋಭಗಳೇ ಆ ಕಷಾಯಗಳು. ಮುನಿಗಳಷ್ಟೇ ಅಲ್ಲ, ಹೊಯ್ಸಳರ ರಾಣಿ ಶಾಂತಲೆಯ ತಾಯಿ ಮಾಚಿಕಬ್ಬೆಯೂ ಬೆಳಗೊಳದಲ್ಲಿ ಇದನ್ನು ಕೈಗೊಂಡಳು. ಬೆಟ್ಟದ ಮೇಲಿನ ಕೂಗೆ ಬ್ರಹ್ಮದೇವರ ಕಂಬ ಗಂಗರ ದೊರೆ ಮಾರಸಿಂಹನ ಸ್ಮಾರಕ. ಅವನ ಯುದ್ಧವಿಜಯಗಳನ್ನು ಸಾಲುಸಾಲಾಗಿ ಹೇಳುವ ಶಾಸನವು, ಅವನು ರಾಜ್ಯ ತೊರೆದು ಬಂಕಾಪುರದಲ್ಲಿ ಅಜಿತಸೇನ ಗುರುಗಳ ಸನ್ನಿಧಿಯಲ್ಲಿ ಸಲ್ಲೇಖನ ಕೈಗೊಂಡುದನ್ನೂ ದಾಖಲಿಸಿದೆ.