ಇದು ನಿಜವಾದ ವಿಮಾನದ ಹಾಗೇ ಇದೆ ಅಂತ ನಿಮಗೆ ಹೇಗೆ ಗೊತ್ತು?

ಯುದ್ಧವಿಮಾನಗಳ ಸ್ಕೇಲ್ ಮಾದರಿ ಮಾಡುತ್ತೇನೆ ಅಂದ ಕೂಡಲೇ ಬರುವ ಮೊದಲ ಪ್ರಶ್ನೆ ‘ಎಷ್ಟು ದಿನ ಹಿಡಿಯಿತು?’ ಎಂಬುದು. ಅದಕ್ಕೆ ಒಂದೇ ಮಾತಿನಲ್ಲಿ ಉತ್ತರ ಹೇಳಿಬಿಡಬಹುದು. ಅದರ ಬೆನ್ನಿಗೇ ಬರುವ ಇನ್ನೊಂದು ಪ್ರಶ್ನೆ ನನಗೆ ಹೆಚ್ಚು ಇಷ್ಟ: ‘ನಿಜವಾದ ವಿಮಾನದ ಹಾಗೇ ಇದೆ ಅಂತೀರಲ್ಲ, ಅದು ನಿಮಗೆ ಹೇಗೆ ಗೊತ್ತು?’ ಕೇಳಿದವರು ನಿಂತು ಕೇಳಿಸಿಕೊಳ್ಳುವಷ್ಟು ಹೊತ್ತಿನಲ್ಲಿ ಇದಕ್ಕೆ ಸರಿಯಾಗಿ ಉತ್ತರ ಕೊಡಲು ಆಗುವುದಿಲ್ಲ. ಆದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ.

‘ಮಿಗ್-21 ಮಾಡುತ್ತೇನೆ’ ಅಂತ ಹೊರಟರೆ ನಿಖರವಾದ ಮಾದರಿ ಆಗುವುದೇ ಇಲ್ಲ. ಬಾಲದ ಮೇಲೋ ಮೂತಿಯ ಮೇಲೋ ಇಂಥ ನಂಬರ್ ಇದ್ದ, ಇಂಥ ವರ್ಷ ಇಂಥ ನೆಲೆಯಲ್ಲಿ ನಿಂತಿದ್ದ ಒಂದು ವಿಮಾನವನ್ನು ಆರಿಸಿಕೊಳ್ಳಬೇಕು. ಸರಿ, ತಪ್ಪು ಅನ್ನುವುದಕ್ಕೆ ಆಮೇಲೆ ಅರ್ಥ ಬರುತ್ತದೆ. ಹೋಲಿಸಿ ನೋಡಲು ಎದುರಿಗೆ ಖಚಿತವಾದ ಒಂದು ವಸ್ತು ಇಲ್ಲದಿದ್ದರೆ ಎಲ್ಲವೂ ಸರಿ ಅನಿಸುತ್ತದೆ.

ಮಿಗ್-21ರ ಮಾತು ಬಂತಲ್ಲ, ಅದನ್ನೇ ನೋಡಿ. ಸೋವಿಯತ್ ಕಾರ್ಖಾನೆಗಳಲ್ಲಿಯೇ ಹತ್ತು ಸಾವಿರಕ್ಕೂ ಹೆಚ್ಚು ತಯಾರಾದವು. ಮೊದಮೊದಲ ಎಫ್-13 ಎಂಬ ಆವೃತ್ತಿಯಲ್ಲಿ ಗಾಳಿ ಎಳೆದುಕೊಳ್ಳುವ ಮೂತಿ ಸಣ್ಣದು, ನೆಟ್ಟಗೆ ನಿಂತ ಬಾಲ ಕಿರಿದು, ವೇಗ ಅಳೆಯುವ ಉದ್ದನೆಯ ಪಿಟಾಟ್ ಕೊಳವೆ ಮೂತಿಯ ಕೆಳಗೆ. ಕಾಕ್‌ಪಿಟ್ ಮೇಲಿನ ಗಾಜಿನ ಮುಚ್ಚಳ, ಅಂದರೆ ಕ್ಯಾನಪಿ, ಮುಂದಿನ ಗಾಜನ್ನೂ ಸೇರಿಸಿಕೊಂಡು ಇಡಿಯಾಗಿ ಮುಂದಕ್ಕೆ ತೆರೆಯುತ್ತಿತ್ತು. ಚೆಕೊಸ್ಲೊವಾಕಿಯಾದಲ್ಲಿ ಕಟ್ಟಿದ ಎಫ್-13ಗಳಲ್ಲಿ ಕ್ಯಾನಪಿಯ ಹಿಂದಿನ ಗಾಜಿನ ಜಾಗದಲ್ಲಿ ಲೋಹದ ಹೊದಿಕೆ ಬಂತು. ಮುಂದೆ ಪಿಎಫ್ ಆವೃತ್ತಿ ಬಂದಾಗ ರೇಡಾರ್ ಕೂರಿಸಲು ಮೂತಿ ಅಗಲವಾಯಿತು, ಕೊಳವೆ ಮೂತಿಯ ಮೇಲಕ್ಕೇರಿತು. ಪಿಎಫ್‌ಎಂನಲ್ಲಿ ಮುಂದಿನ ಗಾಜು ಬೇರೆಯಾಗಿ ಕ್ಯಾನಪಿ ಬಲಪಕ್ಕಕ್ಕೆ ತೆರೆಯತೊಡಗಿತು. ಎಂಎಫ್ ಹೊತ್ತಿಗೆ ಕೊಳವೆ ನಡುವಿನಿಂದ ಬಲಕ್ಕೆ ಸರಿದಿತ್ತು, ಹೊಟ್ಟೆಯಡಿ ಅವಳಿ ನಳಿಗೆಯ ಜಿಎಸ್‌ಎಚ್-23 ಫಿರಂಗಿ ಬಂದಿತ್ತು. ಇನ್ನು ಬೆನ್ನಿನ ಉಬ್ಬು ಆವೃತ್ತಿಯಿಂದ ಆವೃತ್ತಿಗೆ ಬದಲಾಗುತ್ತಲೇ ಹೋಯಿತು. ಇವೆಲ್ಲಕ್ಕೂ ಹೆಸರು ಒಂದೇ, ಮಿಗ್-21.

ಬಿಡಿ ಪ್ಲಾಸ್ಟಿಕ್ ಭಾಗಗಳನ್ನು ಡಬ್ಬಿಯಲ್ಲಿಟ್ಟು ಮಾರುವ ಕಿಟ್ ಕಂಪನಿಗಳಿಗೆ ಅಚ್ಚು ಮಾಡಿಸುವುದು ದುಬಾರಿ. ಒಂದೇ ಅಚ್ಚಿನಿಂದ ಮೂರು ನಾಲ್ಕು ಆವೃತ್ತಿ ಮಾರಬೇಕೆಂದು ಹೊರಟಾಗ ಕೆಲವು ಭಾಗಗಳು ಯಾವುದಕ್ಕೂ ಪೂರ್ತಿ ಹೊಂದದೆ ಉಳಿಯುತ್ತವೆ. ಆದ್ದರಿಂದ ಡಬ್ಬಿಯ ಮೇಲಿನ ಹೆಸರು, ಚಂದದ ಚಿತ್ರ ಎರಡನ್ನೂ ಪಕ್ಕಕ್ಕಿಟ್ಟು ಒಳಗಿನ ಒಂದೊಂದು ಭಾಗವನ್ನೂ ಫೋಟೊ ಪಕ್ಕ ಹಿಡಿದು ನೋಡುತ್ತೇನೆ. ಅಮೆರಿಕದ ಎಫ್-4 ಫ್ಯಾಂಟಮ್ ಯುದ್ಧವಿಮಾನವನ್ನೇ ನೋಡಿ. ಬ್ರಿಟನ್ ಮೊದಲು ಕೊಂಡುಕೊಂಡ ಫ್ಯಾಂಟಮ್‌ಗಳಿಗೆ ರೋಲ್ಸ್ ರಾಯ್ಸ್ ಸ್ಪೇ ಎಂಜಿನ್ ಹಾಕಲು ಗಾಳಿದ್ವಾರ, ಹಿಂಭಾಗದ ಒಡಲು ಎರಡನ್ನೂ ಅಗಲ ಮಾಡಬೇಕಾಯಿತು. ಅಮೆರಿಕನ್ ಫ್ಯಾಂಟಮ್ ಕಿಟ್‌ಗೆ ಬ್ರಿಟಿಷ್ ಬಣ್ಣ ಬಳಿದು, ಬ್ರಿಟಿಷ್ ಗುರುತುಗಳ ಡಿಕಾಲ್ (ನೀರಲ್ಲಿ ನೆನೆಸಿ ಅಂಟಿಸುವ ಚಿತ್ರ) ಅಂಟಿಸಿದರೆ ನೋಡಲು ಚೆನ್ನಾಗಿಯೇ ಇರುತ್ತದೆ. ಆದರೆ 1984ರ ಹೊತ್ತಿಗೆ ಅಮೆರಿಕದಿಂದ ಕೊಂಡ ಹದಿನೈದು ಹಳೆಯ ಎಫ್-4ಜೆಗಳನ್ನು ಬಿಟ್ಟರೆ ಅಂಥ ವಿಮಾನ ಬ್ರಿಟನ್ನಿನಲ್ಲಿ ಹಾರಿಲ್ಲ.

ಹಾಗಾಗಿ ನನ್ನ ಕೆಲಸ ಫೋಟೊ ಹುಡುಕುವುದರಿಂದ ಶುರು. ಆ ವಿಮಾನ ಸೇವೆಯಲ್ಲಿದ್ದ ಕಾಲದ ಫೋಟೊ ಬೇಕು, ಎರಡೂ ಪಕ್ಕದ್ದು ಬೇಕು. ಮ್ಯೂಸಿಯಂನಲ್ಲಿರುವ ವಿಮಾನಗಳು ಅಳತೆಗೆ, ಚಕ್ರದ ಗೂಡಿನ ಒಳಗಿನ ಪೈಪುಗಳನ್ನು ನೋಡುವುದಕ್ಕೆ ಬಹಳ ಉಪಕಾರಿ. ಬಣ್ಣಕ್ಕೆ, ಗುರುತುಗಳಿಗೆ ಅವನ್ನು ನಂಬಲಾರೆ. ಬಿಸಿಲು ಮಳೆಯಲ್ಲಿ ವರ್ಷಾನುಗಟ್ಟಲೆ ನಿಂತವಕ್ಕೆ ಹತ್ತಿರದ ಬಣ್ಣ ಯಾವುದು ಸಿಕ್ಕಿತೋ ಅದನ್ನು ಬಳಿದಿರುತ್ತಾರೆ; ಒಂದರ ಬಾಲ, ಇನ್ನೊಂದರ ಬಾಗಿಲು ಸೇರಿಸಿ ನಿಲ್ಲಿಸಿರುವುದೂ ಉಂಟು. ಫೋಟೊಗಳಲ್ಲೂ ಆರಿಸಬೇಕು. ಹತ್ತಿರ ನಿಂತು ವೈಡ್ ಲೆನ್ಸಿನಲ್ಲಿ ತೆಗೆದದ್ದರಲ್ಲಿ ಮೂತಿ ಉಬ್ಬಿ, ಬಾಲ ಕುಗ್ಗಿ ಕಾಣುತ್ತದೆ. ದೂರದಿಂದ ಟೆಲಿ ಲೆನ್ಸಿನಲ್ಲಿ ತೆಗೆದ ಪಕ್ಕನೋಟವೇ ಆಕಾರಕ್ಕೆ ಆಧಾರ.

ಅಳತೆಗೆ ಕ್ಯಾಲಿಪರ್ ಸಾಕು. ಮಿಗ್-21ರ ರೆಕ್ಕೆಯ ತುದಿಯಿಂದ ತುದಿಗೆ 7.154 ಮೀಟರ್. 1/72 ಸ್ಕೇಲಿನಲ್ಲಿ, ಅಂದರೆ 72 ಪಟ್ಟು ಕುಗ್ಗಿಸಿದಾಗ, ಅದು 99.4 ಮಿಲಿಮೀಟರ್, 1/48ರಲ್ಲಿ 149. ಉದ್ದದ ವಿಷಯದಲ್ಲಿ ಮಾತ್ರ ಎಚ್ಚರ ಬೇಕು. ಪುಸ್ತಕದಿಂದ ಪುಸ್ತಕಕ್ಕೆ ಈ ಅಂಕಿ ಬದಲಾಗುತ್ತದೆ, ಏಕೆಂದರೆ ಕೆಲವರು ಪಿಟಾಟ್ ಕೊಳವೆಯನ್ನು ಸೇರಿಸಿ ಹೇಳುತ್ತಾರೆ, ಕೆಲವರು ಬಿಟ್ಟು ಹೇಳುತ್ತಾರೆ. ಎಲ್ಲಿಂದ ಎಲ್ಲಿಯವರೆಗೆ ಎಂದು ತಿಳಿಯದ ಅಳತೆಯಿಂದ ಉಪಯೋಗವಿಲ್ಲ.

ಆದರೂ ಮಿಲಿಮೀಟರಿಗೆ ನಾನು ಅಷ್ಟು ತಲೆ ಕೆಡಿಸಿಕೊಳ್ಳುವುದಿಲ್ಲ. 1/72ರಲ್ಲಿ ಒಡಲು ಒಂದು ಮಿಲಿಮೀಟರ್ ಗಿಡ್ಡವಾದರೆ ಯಾವ ಕಣ್ಣಿಗೂ ಕಾಣದು. ರೆಕ್ಕೆಯ ಕೋನ ಎರಡು ಡಿಗ್ರಿ ತಪ್ಪಿದರೆ ಕೋಣೆಯ ಆ ತುದಿಯಿಂದಲೇ ಏನೋ ಸರಿಯಿಲ್ಲ ಅನಿಸುತ್ತದೆ. ದೂರದಿಂದ ಬರುವವರನ್ನು ಮುಖ ಕಾಣುವ ಮೊದಲೇ ನಡಿಗೆಯಿಂದ ಗುರುತು ಹಿಡಿಯುತ್ತೇವಲ್ಲ, ವಿಮಾನಕ್ಕೂ ಅಂಥದ್ದೊಂದು ನಿಲುವಿದೆ. ಫ್ಯಾಂಟಮ್‌ನ ನಿಲುವು ಬಂದದ್ದು ಹೇಗೆ ಎಂಬುದೇ ಒಂದು ಸೊಗಸಾದ ಕಥೆ. ವಿಂಡ್ ಟನಲ್ ಪರೀಕ್ಷೆಯಲ್ಲಿ ಅದು ಪಕ್ಕಕ್ಕೆ ಸ್ಥಿರವಾಗಿಲ್ಲವೆಂದು ಗೊತ್ತಾಯಿತು, ರೆಕ್ಕೆಯನ್ನು ಐದು ಡಿಗ್ರಿ ಮೇಲಕ್ಕೆತ್ತಬೇಕಿತ್ತು. ಹಾಗೆ ಮಾಡಿದರೆ ನಡುವಿನ ಟೈಟೇನಿಯಂ ಭಾಗವನ್ನೇ ಹೊಸದಾಗಿ ವಿನ್ಯಾಸ ಮಾಡಬೇಕು. ಅದರ ಬದಲು ಎಂಜಿನಿಯರುಗಳು ಹೊರಗಿನ ತುಂಡುಗಳನ್ನಷ್ಟೇ 12 ಡಿಗ್ರಿ ಎತ್ತಿದರು. ಒಟ್ಟು ರೆಕ್ಕೆಗೆ ಸರಾಸರಿ ಐದು ಡಿಗ್ರಿ ಸಿಕ್ಕಿತು. ಬಾಲರೆಕ್ಕೆಗಳು 23 ಡಿಗ್ರಿ ಕೆಳಕ್ಕೆ ಬಾಗಿದವು. ಈ ಎರಡು ಅಂಕಿ ಸರಿಯಾಗಿ ಬಂದರೆ ಬಣ್ಣ ಬಳಿಯುವ ಮೊದಲೇ ಅದು ಫ್ಯಾಂಟಮ್. ನಾನು ದಪ್ಪ ರಟ್ಟಿನಲ್ಲಿ ಈ ಕೋನಗಳನ್ನು ಕತ್ತರಿಸಿಟ್ಟುಕೊಂಡು, ಅಂಟು ಒಣಗುವ ತನಕ ರೆಕ್ಕೆಗೆ ಆನಿಸಿಡುತ್ತೇನೆ.

ಇನ್ನು ದಪ್ಪ. ಎಲ್ಲವನ್ನೂ 72 ಪಟ್ಟು ಕುಗ್ಗಿಸುತ್ತೇವೆ, ಪ್ಲಾಸ್ಟಿಕ್ ಮಾತ್ರ ಕುಗ್ಗುವುದಿಲ್ಲ. ರೆಕ್ಕೆಯ ಹಿಂದಿನ ಅಂಚು ಕಿಟ್‌ನಲ್ಲಿ ಅರ್ಧ ಮಿಲಿಮೀಟರ್ ದಪ್ಪ ಇದ್ದರೆ ನಿಜದಲ್ಲಿ ಅದು 36 ಮಿಲಿಮೀಟರ್ ದಪ್ಪದ ಹಲಗೆಯಾಯಿತು. ಎಫ್-104ರ ರೆಕ್ಕೆಯಂಚು ಎಷ್ಟು ತೆಳುವಾಗಿತ್ತೆಂದರೆ, ನೆಲದ ಸಿಬ್ಬಂದಿಗೆ ಗಾಯವಾಗದಿರಲೆಂದು ನಿಲ್ಲಿಸಿದಾಗ ಅದಕ್ಕೆ ಕವಚ ತೊಡಿಸುತ್ತಿದ್ದರು. ಅಂಥ ವಿಮಾನಕ್ಕೆ ಮೊಂಡು ರೆಕ್ಕೆ ಇಟ್ಟರೆ ಅದರ ಗುಣವೇ ಹೋಯಿತು. ರೆಕ್ಕೆಯ ಎರಡು ಅರ್ಧಗಳನ್ನು ಅಂಟಿಸುವ ಮೊದಲು ಒಳಮೈಯನ್ನು ಉಪ್ಪುಕಾಗದದ ಮೇಲೆ ತೀಡಿ ತೀಡಿ, ಅಂಚಿನಲ್ಲಿ ಬೆಳಕು ಹಾಯುವಷ್ಟು ತೆಳು ಮಾಡುತ್ತೇನೆ. ಬೇಸರ ತರುವ ಕೆಲಸ ನಿಜ. ಇಡೀ ಮಾದರಿಯ ಮೇಲೆ ಇಷ್ಟು ಪರಿಣಾಮ ಮಾಡುವ ಕೆಲಸ ಇನ್ನೊಂದಿಲ್ಲ ಎಂಬುದೂ ನಿಜ.

ತಗಡಿನ ಹಾಳೆಗಳು ಕೂಡುವ ಪ್ಯಾನೆಲ್ ಗೆರೆಗಳದ್ದೂ ಇದೇ ಲೆಕ್ಕ. ಮಾದರಿಯ ಮೇಲೆ 0.2 ಮಿಲಿಮೀಟರ್ ಅಗಲದ ಗೆರೆ, ನಿಜದ ಅಳತೆಯಲ್ಲಿ ಬೆರಳು ತೂರುವ 14.4 ಮಿಲಿಮೀಟರ್ ಸಂದು. ಹಾರುವ ವಿಮಾನದಲ್ಲಿ ಅಂಥ ಸಂದುಗಳು ಮೈತುಂಬ ಇರುವುದಿಲ್ಲ. ಆದರೂ ಈಗ ಪ್ರತಿ ಗೆರೆಗೂ ಕಪ್ಪು ಬಣ್ಣ ಹರಿಸಿ ಎದ್ದು ಕಾಣಿಸುವ ರೂಢಿ ಬಂದಿದೆ. ನೋಡಲು ನಾಟಕೀಯವಾಗಿರುತ್ತದೆ, ನನಗೆ ಒಪ್ಪಿಗೆಯಿಲ್ಲ. ಫೋಟೊದಲ್ಲಿ ಯಾವ ಗೆರೆ ಕಾಣುತ್ತದೋ ಅದನ್ನು ಮಾತ್ರ ಕಾಣಿಸುತ್ತೇನೆ. ಸಾಮಾನ್ಯವಾಗಿ ಅವು ಮೆಕ್ಯಾನಿಕ್‌ಗಳು ದಿನವೂ ತೆರೆಯುವ ಮುಚ್ಚಳಗಳು, ರೆಕ್ಕೆಯ ಚಲಿಸುವ ಭಾಗಗಳ ಸಂದುಗಳು. ಉಳಿದವನ್ನು ಪುಟ್ಟಿ ತುಂಬಿ ಅರ್ಧ ಮುಚ್ಚಿಬಿಡುತ್ತೇನೆ.

ಕ್ಷಿಪಣಿಗಳನ್ನು ಮರೆಯಬಾರದು. ಸೈಡ್‌ವಿಂಡರ್ ಕ್ಷಿಪಣಿಯ ವ್ಯಾಸ 127 ಮಿಲಿಮೀಟರ್, ಅಂದರೆ 1/72ರಲ್ಲಿ 1.8 ಮಿಲಿಮೀಟರಿಗೂ ಕಡಿಮೆ. ಕಿಟ್‌ಗಳಲ್ಲಿ ಹೆಚ್ಚಾಗಿ ಇದಕ್ಕಿಂತ ದಪ್ಪ ಇರುತ್ತದೆ. ಪಿಟಾಟ್ ಕೊಳವೆಗೆ ಇಂಜೆಕ್ಷನ್ ಸೂಜಿಯಷ್ಟು ಒಳ್ಳೆಯ ಸಾಮಗ್ರಿ ನನಗೆ ಇನ್ನೂ ಸಿಕ್ಕಿಲ್ಲ.

ಮಾದರಿ ನೆಲದ ಮೇಲೆ ನಿಂತಿದೆಯೋ ಹಾರುತ್ತಿದೆಯೋ ಎಂಬುದನ್ನೂ ಮೊದಲೇ ನಿರ್ಧರಿಸಬೇಕು. ವಿಮಾನದ ಭಾರ ಬಿದ್ದಾಗ ಚಕ್ರದ ಕಾಲಿನ ಶಾಕ್ ಅಬ್ಸಾರ್ಬರ್ ಒಳಕ್ಕೆ ಕುಗ್ಗುತ್ತದೆ, ಟೈರು ತಳದಲ್ಲಿ ಸ್ವಲ್ಪ ಚಪ್ಪಟೆಯಾಗುತ್ತದೆ. ಹಾರುವಾಗ ಕಾಲು ಪೂರ್ತಿ ಚಾಚಿಕೊಳ್ಳುತ್ತದೆ. ಹ್ಯಾರಿಯರ್‌ನ ಗಾಳಿದ್ವಾರದ ಸುತ್ತ ಸಾಲಾಗಿ ಪುಟ್ಟ ಬಾಗಿಲುಗಳಿವೆ. ಎಂಜಿನ್ ಜೋರಾಗಿ ಗಾಳಿ ಎಳೆದಾಗ ಅವೆಲ್ಲ ಒಳಕ್ಕೆ ತೆರೆದುಕೊಳ್ಳುತ್ತವೆ. ಎಂಜಿನ್ ನಿಂತಾಗ ಹಿಡಿದಿಡಲು ಏನೂ ಇರುವುದಿಲ್ಲ, ಆದ್ದರಿಂದ ಮೇಲಿನವು ತಮ್ಮ ಭಾರಕ್ಕೆ ಒಳಗೆ ಜೋತುಬೀಳುತ್ತವೆ, ಕೆಳಗಿನವು ಮುಚ್ಚಿಕೊಂಡಿರುತ್ತವೆ. ಎಫ್-14ರ ರೆಕ್ಕೆ ಹಾರಾಟದಲ್ಲಿ 20ರಿಂದ 68 ಡಿಗ್ರಿವರೆಗೆ ಮಡಚುತ್ತದೆ. ವಿಮಾನವಾಹಕ ಹಡಗಿನ ಮೇಲೆ ಜಾಗ ಉಳಿಸಲು ಮಾತ್ರ 75 ಡಿಗ್ರಿಗೆ ಎಳೆಯುತ್ತಿದ್ದರು. ಹಾಗೆ ಮಡಚಿದ ರೆಕ್ಕೆಯ ಎಫ್-14 ಅನ್ನು ಆಕಾಶದಲ್ಲಿ ತೂಗುಹಾಕಿದರೆ, ಅಂಟಿಸುವ ಕೆಲಸ ಎಷ್ಟೇ ಚೊಕ್ಕಟವಾಗಿದ್ದರೂ ಮಾದರಿ ತಪ್ಪು.

ಬಣ್ಣದ ಬಗ್ಗೆ ವಾದಕ್ಕೆ ಕೊನೆಯಿಲ್ಲ. ಅಮೆರಿಕನ್ ವಿಮಾನಗಳಿಗೆ ಎಫ್‌ಎಸ್ 595 ಎಂಬ ಬಣ್ಣದ ಪಟ್ಟಿ ಆಧಾರ. ಐದು ಅಂಕಿಯ ಸಂಖ್ಯೆಯಲ್ಲಿ ಮೊದಲನೆಯದು ಹೊಳಪನ್ನು ಹೇಳುತ್ತದೆ: 1 ಅಂದರೆ ಹೊಳಪು, 2 ಅರೆಹೊಳಪು, 3 ಮ್ಯಾಟ್. ಎರಡನೆಯ ಅಂಕಿ ಬಣ್ಣದ ಗುಂಪು, 6 ಅಂದರೆ ಬೂದು. ಹಾಗಾಗಿ 36375 ಮತ್ತು 36320 ಎರಡೂ ಹೊಳಪಿಲ್ಲದ ಬೂದು ಬಣ್ಣಗಳು. ಬ್ರಿಟಿಷರಿಗೆ ಬಿಎಸ್ 381ಸಿ ಇದೆ. ಆದರೆ ಈ ಸಂಖ್ಯೆ ಹೇಳುವುದು ಡಬ್ಬಿಯಿಂದ ಹೊರಬಂದ ದಿನದ ಬಣ್ಣವನ್ನು. ಆಮೇಲೆ ಬಿಸಿಲು, ಉಪ್ಪುಗಾಳಿ, ತೇಪೆಗಳು ಸೇರುತ್ತವೆ. ಪುಟ್ಟ ಮಾದರಿಗೆ ದೂರದ ಭಾಸ ಬರಲು ಬಣ್ಣಕ್ಕೆ ಇಷ್ಟು ಪಾಲು ಬಿಳಿ ಬೆರೆಸಿ ಎಂಬ ಸೂತ್ರಗಳೂ ಚಾಲ್ತಿಯಲ್ಲಿವೆ. ನಾನು ಸೂತ್ರ ಹಿಡಿದು ಬೆರೆಸುವುದಿಲ್ಲ. ತುಂಡು ಪ್ಲಾಸ್ಟಿಕ್ ಮೇಲೆ ಬಳಿದು, ಒಣಗಿಸಿ, ಹೊರಗಿನ ಬೆಳಕಿನಲ್ಲಿ ನೋಡಿ ತೀರ್ಮಾನಿಸುತ್ತೇನೆ.

ಕೊಳೆಗೂ ಕಾರಣ ಇರಬೇಕು. ಟಾರ್ನೇಡೊ ಯುದ್ಧವಿಮಾನದ ನಿಂತ ಬಾಲದ ಬುಡ ಮಸಿಯಾಗಿ ಕಪ್ಪಾಗಿರುವುದನ್ನು ಫೋಟೊಗಳಲ್ಲಿ ನೋಡಿರಬಹುದು. ಇಳಿದ ಮೇಲೆ ವೇಗ ತಗ್ಗಿಸಲು ಎಂಜಿನ್‌ನ ಬಿಸಿಗಾಳಿಯನ್ನು ಮುಂದಕ್ಕೆ ತಿರುಗಿಸುವ ವ್ಯವಸ್ಥೆ ಅದರಲ್ಲಿದೆ, ಆ ಹೊಗೆ ಬಾಲಕ್ಕೆ ಬಡಿಯುತ್ತದೆ. ಹೊಟ್ಟೆಯಡಿ ಸೋರಿದ ಎಣ್ಣೆ ಹಾರಾಟದ ಗಾಳಿಗೆ ಹಿಂದಕ್ಕೆ ಗೀರಾಗಿ ಹರಿಯುತ್ತದೆ. ನಿಂತಾಗ ಸೋರಿದ್ದು ನೇರ ಕೆಳಗೆ ಇಳಿಯುತ್ತದೆ. ಎರಡನ್ನೂ ಒಂದೇ ದಿಕ್ಕಿಗೆ ಎಳೆದರೆ ತಿಳಿದವರಿಗೆ ತಕ್ಷಣ ಗೊತ್ತಾಗುತ್ತದೆ.

ಕೊನೆಗೆ ಪರೀಕ್ಷೆ. ಯಾವ ಫೋಟೊ ನೋಡಿ ಕಟ್ಟಿದೆನೋ ಅದೇ ಕೋನದಿಂದ ಮಾದರಿಯ ಫೋಟೊ ತೆಗೆಯುತ್ತೇನೆ. ದೂರವನ್ನೂ ಎತ್ತರವನ್ನೂ ಅದೇ ಸ್ಕೇಲಿಗೆ ಇಳಿಸಬೇಕು. ಛಾಯಾಗ್ರಾಹಕ 30 ಮೀಟರ್ ದೂರದಲ್ಲಿ, ಕಣ್ಣಿನ ಮಟ್ಟ 1.7 ಮೀಟರ್ ಎತ್ತರದಲ್ಲಿ ನಿಂತಿದ್ದನೆಂದರೆ, 1/72 ಮಾದರಿಗೆ ಲೆನ್ಸ್ ಸುಮಾರು 42 ಸೆಂಟಿಮೀಟರ್ ದೂರದಲ್ಲಿ, ನೆಲದಿಂದ 24 ಮಿಲಿಮೀಟರ್ ಎತ್ತರದಲ್ಲಿ ಇರಬೇಕು. ನಾವು ಮಾದರಿಗಳನ್ನು ಯಾವಾಗಲೂ ಮೇಲಿನಿಂದ ನೋಡುತ್ತೇವೆ, ವಿಮಾನವನ್ನು ಕೆಳಗಿನಿಂದ. ಕ್ಯಾಮೆರಾ ಅಷ್ಟು ಕೆಳಗಿಳಿದಾಗ ಎಲ್ಲ ಬಯಲಾಗುತ್ತದೆ: ಕಾಲು ಉದ್ದವಾಗಿದೆಯೇ, ಮೂತಿ ಎತ್ತಿಕೊಂಡಿದೆಯೇ, ಬಾಗಿಲು ತೂಗುವ ಕೋನ ಸರಿಯೇ. ಎರಡು ಚಿತ್ರಗಳನ್ನು ಒಂದೇ ಗಾತ್ರಕ್ಕೆ ತಂದು, ಕಪ್ಪುಬಿಳುಪು ಮಾಡಿ ಪಕ್ಕಪಕ್ಕ ಇಡುತ್ತೇನೆ. ‘ಹೇಗೆ ಗೊತ್ತು’ ಎಂಬುದಕ್ಕೆ ನಾನು ತೋರಿಸಬಲ್ಲ ಸಾಕ್ಷಿ ಇದು.

ಈಗಷ್ಟೇ ಶುರು ಮಾಡುವವರು ಕೇಳಿದರೆ, ಕಿಟ್ ಕೊಳ್ಳುವ ಮೊದಲು ವಿಮಾನ ಆರಿಸಿ ಎನ್ನುತ್ತೇನೆ. ಐದಾರು ಒಳ್ಳೆಯ ಫೋಟೊ ಸಿಗುವ, ಒಂದೆರಡು ಬಣ್ಣಗಳಷ್ಟೇ ಇರುವ ಬೂದು ವಿಮಾನ ಒಳ್ಳೆಯದು. ಮಿರುಗುವ ಬರಿಯ ಲೋಹದ ಮೈ ಬೇಡ, ಅದು ಕೂದಲೆಳೆಯ ಗೀರನ್ನೂ ಮುಚ್ಚಿಡುವುದಿಲ್ಲ. ಕೈ ಕುದುರುವ ತನಕ 1/48 ಸ್ಕೇಲ್ ಹಿತ. ಕ್ಯಾನಪಿ ಮುಚ್ಚಿಡುವುದಾದರೆ ಕಾಕ್‌ಪಿಟ್‌ನಲ್ಲಿ ತಿಂಗಳು ಕಳೆಯಬೇಡಿ, ಆ ಹೊತ್ತನ್ನು ಗಾಳಿದ್ವಾರದ ಒಳಗೋಡೆಗೆ ಕೊಡಿ. ಎದುರಿನಿಂದ ನೋಡುವವರ ಕಣ್ಣು ಮೊದಲು ಹೋಗುವುದು ಅಲ್ಲಿಗೆ. ಒಡಲು ಮುಚ್ಚುವ ಮುನ್ನ ಮೂತಿಯೊಳಗೆ ಸೀಸದ ತುಂಡು ಅಂಟಿಸಿ, ಚಕ್ರಗಳನ್ನು ಟೇಪಿನಿಂದ ತಾತ್ಕಾಲಿಕವಾಗಿ ಸಿಕ್ಕಿಸಿ ನಿಲ್ಲಿಸಿ ನೋಡಿ. ಬಾಲದ ಮೇಲೆ ಕೂತುಬಿಟ್ಟರೆ ಇನ್ನೊಂದು ತುಂಡು ಹಾಕಿ.