ಕಳೆದುಹೋದ ರಬ್ಬರಿನ ಎಸಳು

ದೋಣಿಯ ಹಿಂಬದಿಗೆ ಸಿಕ್ಕಿಸುವ ಔಟ್‌ಬೋರ್ಡ್ ಎಂಜಿನ್ ಓಡುವಾಗ ಅದರ ಬದಿಯ ಸಣ್ಣ ತೂತಿನಿಂದ ನೀರಿನ ಎಳೆಯೊಂದು ಬೀಳುತ್ತಲೇ ಇರಬೇಕು. ನೀರು ಬೀಳುತ್ತಿದ್ದರೆ ಒಳಗೆ ಸಿಲಿಂಡರ್ ತಣ್ಣಗಿದೆ ಎಂದರ್ಥ. ಕಳೆದ ಜುಲೈಯಲ್ಲಿ ಗಂಗೊಳ್ಳಿ ಅಳಿವೆಯ ಒಳಬದಿಯಲ್ಲಿ ಬಲೆ ಬಿಟ್ಟು ಬರುವಾಗ ಆ ಎಳೆ ತೆಳುವಾಗಿ, ಹನಿಹನಿಯಾಗಿ, ಕೊನೆಗೆ ನಿಂತೇ ಹೋಯಿತು. ಕೂಡಲೇ ಎಂಜಿನ್ ಬಂದ್ ಮಾಡಿ, ನಾನೂ ಅಳಿಯನೂ ಹುಟ್ಟು ಹಾಕಿಕೊಂಡು ದಡ ಸೇರಿದೆವು.

ಅಪ್ಪ 1990ರ ದಶಕದಲ್ಲಿ ತಂದ ಎಂಜಿನ್ ಅದು. ಎರಡು ಸಿಲಿಂಡರು, ಟೂ-ಸ್ಟ್ರೋಕ್, ಸೀಮೆಎಣ್ಣೆಯದ್ದು. ಪೆಟ್ರೋಲಿನಲ್ಲಿ ಹಗ್ಗ ಎಳೆದು ಶುರು ಮಾಡಿ, ಬಿಸಿಯಾದ ಮೇಲೆ ಸೀಮೆಎಣ್ಣೆಗೆ ತಿರುಗಿಸಬೇಕು. ನಿಲ್ಲಿಸುವ ಮುಂಚೆ ಮತ್ತೆ ಪೆಟ್ರೋಲಿಗೆ ತಂದು ಕಾರ್ಬ್ಯುರೇಟರಿನಲ್ಲಿ ಉಳಿದ ಸೀಮೆಎಣ್ಣೆಯನ್ನು ಸುಡಿಸಬೇಕು. ಇಲ್ಲವಾದರೆ ಮರುದಿನ ಕೈ ಸೋಲುವಷ್ಟು ಎಳೆದರೂ ಹತ್ತುವುದಿಲ್ಲ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಬೋಟುಗಳಿಗೆ ಮೀನುಗಾರಿಕೆ ನಿಷೇಧ. 10 ಅಶ್ವಶಕ್ತಿಯೊಳಗಿನ ಎಂಜಿನ್ನಿನ ನಾಡದೋಣಿಗೆ ಆ ಕಟ್ಟು ಇಲ್ಲ. ಹಾಗಾಗಿ ಮಳೆಗಾಲದಲ್ಲಿ ನಮ್ಮ ಮನೆಯ ಅನ್ನ ಇದರಿಂದಲೇ. ಆದರೆ ಪಂಚಗಂಗಾವಳಿಯ ನೀರು ಆಗ ಕೆಂಪಗೆ ಹರಿಯುತ್ತದೆ. ಎಂಜಿನ್ ತಣ್ಣಗಿಡಲು ನೀರೆತ್ತುವ ಪಂಪಿಗೆ ಆ ನೀರಿನ ಮರಳೇ ಶತ್ರು.

ತೂತಿಗೆ ತಂತಿ ಹಾಕಿ ನೋಡಿದೆ, ಏನೂ ಕಟ್ಟಿರಲಿಲ್ಲ. ಇನ್ನು ಪಂಪಿಗೆ ಕೈ ಹೋಗಬೇಕಾದರೆ ಕೆಳಗಿನ ಗೇರ್ ಕೇಸ್ ಬಿಚ್ಚುವುದೇ ಸೈ. ಹಳೆ ಎಂಜಿನ್ನಿನಲ್ಲಿ ಇದೇ ಭಯದ ಕೆಲಸ: ಅಲ್ಯೂಮಿನಿಯಂ ಮೈಗೆ ಉಕ್ಕಿನ ಬೋಲ್ಟು, ನಡುವೆ ಉಪ್ಪುನೀರು ಸೇರಿ ಬಿಳಿ ಹಿಟ್ಟು ಕಟ್ಟಿ ಎರಡೂ ಒಂದಾಗಿಬಿಡುತ್ತವೆ. ಬಲ ಹಾಕಿದರೆ ಬೋಲ್ಟಿನ ತಲೆ ಮುರಿದು ಕೈಗೆ ಬರುತ್ತದೆ. ಪ್ರತಿಸಲ ಮುಚ್ಚುವಾಗಲೂ ಬೋಲ್ಟಿಗೆ ಗ್ರೀಸ್ ಸವರುವುದನ್ನು ಅಪ್ಪ ಒಮ್ಮೆಯೂ ತಪ್ಪಿಸಿದವರಲ್ಲ. ಅವರ ಪುಣ್ಯ, ಒಂದನ್ನು ಬಿಟ್ಟು ಎಲ್ಲವೂ ಸಲೀಸಾಗಿ ತಿರುಗಿದವು. ಆ ಒಂದಕ್ಕೆ ಬ್ಲೋ ಲ್ಯಾಂಪ್ ಹಿಡಿದು, ಮೆಲ್ಲಗೆ ಬಡಿದು, ಎಣ್ಣೆ ಬಿಟ್ಟು ಕಾದೆವು.

ಪಂಪಿನ ಮುಚ್ಚಳ ತೆಗೆದಾಗ ಇಂಪೆಲ್ಲರಿನ, ಅಂದರೆ ತಿರುಗುತ್ತ ನೀರನ್ನು ಮೇಲೆ ತಳ್ಳುವ ರಬ್ಬರ್ ಚಕ್ರದ, ಆರು ಎಸಳುಗಳಲ್ಲಿ ಮೂರು ಬುಡದಿಂದಲೇ ಹರಿದಿದ್ದವು. ಹೊಸದು ಪೆಟ್ಟಿಗೆಯಲ್ಲಿತ್ತು. ಅಳಿಯ ಅದನ್ನು ಕೂರಿಸಿ ಮುಚ್ಚೋಣ ಎಂದ, ಮಳೆ ಬೇರೆ ಹೊಯ್ಯುತ್ತಿತ್ತು. ನಾನು ಒಪ್ಪಲಿಲ್ಲ. ಹರಿದ ತುಂಡುಗಳನ್ನು ಹಲಗೆಯ ಮೇಲೆ ಜೋಡಿಸಿದೆ. ಎರಡು ಎಸಳು ಪೂರ್ತಿಯಾದವು, ಮೂರನೆಯದರ ಅರ್ಧ ಇರಲಿಲ್ಲ. ಅದು ಎಲ್ಲಿ ಹೋಗಲು ಸಾಧ್ಯ? ಮೇಲೇರುವ ನೀರಿನ ದಾರಿಯಲ್ಲೇ ಎಲ್ಲೋ ಕೂತಿರಬೇಕು. ಹಾಗೇ ಬಿಟ್ಟರೆ ಇವತ್ತು ನೀರು ಬಿದ್ದೀತು, ಇನ್ನೊಂದು ದಿನ ಕಡಲಿನ ನಡುವೆ ನಿಂತೀತು.

ನೀರಿನ ಕೊಳವೆ ಊದಿ ನೋಡಿದೆವು, ಖಾಲಿ. ಬಿಸಿ ನೋಡಿಕೊಂಡು ನೀರು ಬಿಡುವ ಥರ್ಮೋಸ್ಟಾಟಿನ ಮುಚ್ಚಳ ತೆಗೆದರೆ ಅಲ್ಲಿ ಉಪ್ಪಿನ ಹೆಪ್ಪು, ಅದರ ಹಿಂದೆ ಉಗುರಿನಷ್ಟು ಕಪ್ಪು ರಬ್ಬರು. ಚಿಮಟದಲ್ಲಿ ಹಿಡಿದು ತಂದು ಹಲಗೆಯ ಮೇಲಿಟ್ಟೆ. ಅಂಚಿಗೆ ಅಂಚು ಸರಿಯಾಗಿ ಕೂಡಿತು. ಆಮೇಲೆ ಹೊಸ ಇಂಪೆಲ್ಲರಿಗೆ ಸೋಪುನೀರು ಹಚ್ಚಿ, ಓಡುವ ದಿಕ್ಕಿಗೇ ತಿರುಗಿಸುತ್ತ ಎಸಳುಗಳನ್ನು ಬಾಗಿಸಿ ಒಳಗೆ ಕೂರಿಸಿ, ಎಲ್ಲ ಬೋಲ್ಟಿಗೂ ಗ್ರೀಸ್ ಹಾಕಿ ಬಿಗಿದೆವು. ನೀರು ತುಂಬಿದ ಡ್ರಮ್ಮಿನಲ್ಲಿ ಓಡಿಸಿ ನೋಡಿದ್ದೂ ಆಯಿತು. ಒಣಗಿದ್ದಾಗ ಮಾತ್ರ ಯಾರೂ ಓಡಿಸಿ ನೋಡಬೇಡಿ, ಹೊಸ ರಬ್ಬರು ಕ್ಷಣದಲ್ಲಿ ಸುಟ್ಟುಹೋಗುತ್ತದೆ.

ಸೀಮೆಎಣ್ಣೆ ಎಂಜಿನ್ ಬಿಟ್ಟು ಪೆಟ್ರೋಲಿನದಕ್ಕೆ ಬದಲಾಯಿಸಲು ಸರಕಾರ ಸಹಾಯಧನ ಪ್ರಕಟಿಸಿದೆ. ಸೀಮೆಎಣ್ಣೆ ಸಿಗುವ ಕಷ್ಟ ನೋಡಿದರೆ ಬದಲಾಯಿಸುವವರದ್ದು ತಪ್ಪಲ್ಲ. ನಾನು ಮಾತ್ರ ಬಿಡಿಭಾಗ ಸಿಗುತ್ತಿರುವಷ್ಟು ಕಾಲ ಇದನ್ನು ಕೊಡುವವನಲ್ಲ. ಸ್ಪ್ಯಾನರು, ಚಿಮಟ ಹಿಡಿದು ಮಳೆಯಲ್ಲಿ ಕೂತು ಸರಿಮಾಡಿಕೊಳ್ಳಬಹುದಾದ ಎಂಜಿನ್ ಇದು. ಹೋದ ತಿಂಗಳು ಮರವಂತೆಯಲ್ಲಿ ಒಬ್ಬರು ಇದೇ ಮಾದರಿಯ ಕೆಟ್ಟ ಎಂಜಿನ್ ಗುಜರಿಗೆ ಹಾಕಲಿದ್ದರು, ಹೋಗಿ ತಂದಿದ್ದೇನೆ. ಅದರ ಗೇರುಗಳು ಸವೆದಿವೆ, ಕಿಡಿ ಹುಟ್ಟಿಸುವ ಮ್ಯಾಗ್ನೆಟೊ ಕಾಯಿಲ್ ಇನ್ನೂ ಚೆನ್ನಾಗಿದೆ.